ಉಡುವುದು ಬೇರೆ, ತೊಡುವುದು ಬೇರೆ

ಏಪ್ರಿಲ್ ಕೊನೆಯ ವಾರದ ನಡುಮಧ್ಯಾಹ್ನ ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಸುಮ್ಮನೆ ನಿಂತವನ ತಲೆ ನೆಟ್ಟಗಿದೆ ಎಂದು ಯಾರೂ ನಂಬುವುದಿಲ್ಲ. ಬಿಸಿಲು 42 ಡಿಗ್ರಿ ಮುಟ್ಟಿರುತ್ತದೆ, ಡಾಂಬರು ಚಪ್ಪಲಿಗೆ ಅಂಟುತ್ತದೆ, ನಾಯಿಗಳೂ ನೆರಳು ಹಿಡಿದಿರುತ್ತವೆ. ಅಂಥ ಹೊತ್ತಿನಲ್ಲಿ ನಾನೊಂದು ರೆಡಿಮೇಡ್ ಅಂಗಡಿಯ ಗಾಜಿನ ಮುಂದೆ ನಿಂತಿದ್ದೆ. ಒಳಗಿನ ಗೊಂಬೆ ಮೈಗಂಟಿದ ಕಪ್ಪು ಜಾಕೆಟ್ಟು ತೊಟ್ಟಿತ್ತು. ಕೆಳಗೆ ಮೊಣಕಾಲಲ್ಲಿ ಹರಿದ ಜೀನ್ಸು. ಗೊಂಬೆಗೇನು, ಅದು ಬೆವರುವುದಿಲ್ಲ.

"ಈಗ ಇದೇ ನಡದದ್ರಿ ಸರ್" ಎಂದ ಅಂಗಡಿಯ ಹುಡುಗ.

ಎಲ್ಲಿಗೆ ನಡೆದಿದೆ ಎಂದು ಕೇಳಲಿಲ್ಲ. ಕೇಳುವ ಹಕ್ಕೂ ನನಗಿಲ್ಲ. ನಡೆದದ್ದರ ಹಿಂದೆಯೇ ನಾನೂ ಎಷ್ಟೋ ವರ್ಷ ನಡೆದವನು. ಕಾಲೇಜಿನಲ್ಲಿ ಎರಡು ಕಾಲು ಒಂದರಲ್ಲೇ ಹಿಡಿಯುವಷ್ಟು ಅಗಲದ ಬ್ಯಾಗಿ ಪ್ಯಾಂಟು, ಮುಂದೆ ಕೆಲಸಕ್ಕೆ ಸೇರಿದ ಮೇಲೆ ಕಾಲು ತೂರಿಸಲು ಗೋಡೆ ಹಿಡಿಯಬೇಕಾದ ಬಿಗಿ ಪ್ಯಾಂಟು. ಎರಡನೆಯದು ಶರಣಬಸವೇಶ್ವರರ ಜಾತ್ರೆಯಲ್ಲಿ, ಪಂಕ್ತಿಯಲ್ಲಿ ಊಟಕ್ಕೆ ಕೂರುವಾಗ, ಸದ್ದು ಮಾಡಿ ಬಿಟ್ಟುಕೊಂಡಿತು. ಹೆಗಲ ಮೇಲಿದ್ದ ಟಾವೆಲ್ ಅಂದು ಉಳಿಸಿದ ಮಾನವನ್ನು ಯಾವ ಬ್ರ್ಯಾಂಡೂ ಉಳಿಸುತ್ತಿರಲಿಲ್ಲ.

ಕನ್ನಡದಲ್ಲಿ ಬಟ್ಟೆಗೆ ಒಂದೇ ಕ್ರಿಯಾಪದವಿಲ್ಲ. ಸೀರೆ, ಧೋತರ ಉಡುತ್ತೇವೆ. ಅಂಗಿ, ಕುಬಸ ತೊಡುತ್ತೇವೆ. ರುಮಾಲು ಸುತ್ತುತ್ತೇವೆ, ಶಾಲು ಹೊದೆಯುತ್ತೇವೆ, ಹೂವು ಮುಡಿಯುತ್ತೇವೆ. ಈಗ ಎಲ್ಲಕ್ಕೂ 'ಹಾಕಿಕೊಳ್ಳುವುದು' ಬಂದಿದೆ, ಅದಿರಲಿ. ಉಡುವ ಬಟ್ಟೆಗೆ ತನ್ನದೇ ಆಕಾರವಿಲ್ಲ. ಉಟ್ಟವರ ನಡ, ನಡಿಗೆ, ಕೆಲಸ ನೋಡಿ ಅದು ಆಕಾರ ಪಡೆಯುತ್ತದೆ. ತೊಡುವ ಬಟ್ಟೆಯ ಆಕಾರವನ್ನು ಮೊದಲೇ ಇನ್ನೊಬ್ಬರು ತೀರ್ಮಾನಿಸಿರುತ್ತಾರೆ. ಆ ಇನ್ನೊಬ್ಬರು ನಮ್ಮ ಮಾಪು ಹಿಡಿದ ಓಣಿಯ ಟೇಲರ್ ಆಗಿದ್ದ ಕಾಲಕ್ಕೆ ತಕರಾರಿರಲಿಲ್ಲ. ಈಗ ಅವರು ಯಾವ ದೇಶದವರೋ, ನಮ್ಮ ಮೇ ತಿಂಗಳನ್ನು ಕಂಡವರಂತೂ ಅಲ್ಲ.

ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ನನ್ನ ಸೋದರತ್ತೆ ಇದ್ದಾಳೆ. ಅಂಗಳದ ಮೂಲೆಯಲ್ಲಿ ನಾಲ್ಕು ಕೆಂಪು ಬಾಳೆಗಿಡ. ಭೌಗೋಳಿಕ ಗುರುತು ಪಡೆದು ಊರಿಗೆ ಹೆಸರು ತಂದ ಹಣ್ಣು. ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಿಸುತ್ತದೆ, ಆದ್ದರಿಂದಲೇ ಬೆಲೆಯೂ ಹೆಚ್ಚು. ಅತ್ತೆ ಎಂಬತ್ತರ ಹತ್ತಿರ ಬಂದರೂ ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ಕಂಡಿಲ್ಲ. ನೈಲಾನ್ ಸೀರೆ ಬಂತು, ಹೋಯಿತು. ಪಾಲಿಯೆಸ್ಟರ್ ಬಂತು, ಇನ್ನೂ ಹೋಗಿಲ್ಲ. ಮದುವೆಗಳಲ್ಲಿ ಉಡಿ ತುಂಬಿ ಕೊಟ್ಟ ಮಿಂಚಿನ ಸೀರೆಗಳನ್ನೆಲ್ಲ ಅವಳು ಮಡಿಚಿ ಇಟ್ಟು, ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಉಡಿಗೆ ದಾಟಿಸುತ್ತಾಳೆ. ಅವಳ ಬಣ್ಣಗಳು ಮೂರೇ: ಹಸಿರು, ದಾಳಿಂಬರಿ ಕೆಂಪು, ಮತ್ತೆ ಹಬ್ಬಕ್ಕೆ ಕಪ್ಪು ಮೈಯ ಚಂದ್ರಕಾಳಿ. ಕಪ್ಪು ಅಶುಭವಲ್ಲವೇ ಎಂದು ದಕ್ಷಿಣದ ಸೊಸೆಯೊಬ್ಬಳು ಕೇಳಿದ್ದಕ್ಕೆ, "ನಮ್ಮ ಎರಿಹೊಲ ಕರ್ರಗೇ ಅದ, ಅದರಾಗೇ ಜ್ವಾಳ ಬೆಳೀತಾವ" ಎಂದಿದ್ದಳು.

ಹೋದ ದೀಪಾವಳಿಗೆ ನನ್ನ ಮಗಳು ಫೋನ್ ಹಿಡಿದುಕೊಂಡು ಅವಳ ಮುಂದೆ ಕೂತಳು. ರೀಲ್ಸಿನಲ್ಲಿ ಹುಡುಗಿಯರು ಇಳಕಲ್ ಸೀರೆ ಉಟ್ಟು ತಿರುಗುತ್ತಿದ್ದರು. ಗುಳೇದಗುಡ್ಡದ ಖಣ ಕುಬಸದಿಂದ ಜಿಗಿದು ಫ್ರಾಕು, ಚೀಲ, ಕಿವಿಯೋಲೆಯವರೆಗೂ ಬಂದಿತ್ತು.

"ಆಯಿ, ನಿಮ್ಮ ಸೀರಿ ಟ್ರೆಂಡ್ ಆಗ್ಯಾದ ನೋಡ್ರಿ."

ಅತ್ತೆ ಕನ್ನಡಕ ಏರಿಸಿ ನೋಡಿದಳು. "ಇದು ಸೆರಗಲ್ಲ ಯವ್ವಾ, ಛಾಪಾ ಹೊಡದಾರ."

ಅವಳ ಕಣ್ಣು ಸುಳ್ಳು ಹೇಳಲಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ದಡಿಗೂ ಮೈಗೂ ಒಟ್ಟು ಮೂರು ಲಾಳಿ ಓಡುತ್ತವೆ. ಸೆರಗಿಗೆ ಬೇರೆ ಹಾಸು ಬೇಕಾದ್ದರಿಂದ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಒಂದೇ ಹಾಸಿನಲ್ಲಿ ಹತ್ತಾರು ಸೀರೆ ಇಳಿಸುವ ಸುಖ ಇಳಕಲ್ಲಿನ ನೇಕಾರನಿಗಿಲ್ಲ. ಕೆಂಪು ಸೆರಗಿನ ಬಿಳಿ ಚಿತ್ತಾರಕ್ಕೆ ಟೋಪ ತೆನಿ ಎನ್ನುತ್ತಾರೆ, ಜೋಳದ ತೆನೆ. ಹಣಿಗೆ ಎಂಬ ಚಿತ್ತಾರ ಬಾಚಣಿಕೆಯ ಹಲ್ಲಿನದು. ಕೊಳ್ಳುವವರು ಸೀರೆಯ ಮೈ ಸೆರಗಿಗೆ ಸೇರುವ ಜಾಗವನ್ನು ತಿರುವಿ, ಬೆರಳಾಡಿಸಿ ನೋಡಿ. ಕುಣಿಕೆಗಳ ಸಾಲು ಕೈಗೆ ಸಿಕ್ಕರೆ ಮಗ್ಗ. ಬಟ್ಟೆ ನುಣ್ಣಗೆ ಜಾರಿಹೋದರೆ ಛಾಪಾ. ಬೆಲೆ ಕೇಳುವುದು ಆಮೇಲೆ.

ಅತ್ತೆಗೆ ಸ್ಟೈಲ್ ಇದೆಯೇ? ಆ ಶಬ್ದ ಅವಳಿಗೆ ಗೊತ್ತಿಲ್ಲ. ಆದರೆ ತನಗೇನು ಒಪ್ಪುತ್ತದೆ ಎಂಬುದನ್ನು ಅವಳು ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಹೊಲದಲ್ಲಿ ಬಗ್ಗಿ, ಎದ್ದು, ತೊಗರಿ ಕೊಯ್ದು ತಿಳಿದುಕೊಂಡವಳು. ಕನ್ನಡಿ ಬಂದದ್ದು ಆಮೇಲೆ.

ಇಷ್ಟಕ್ಕೇ ನಿಲ್ಲಿಸಿದರೆ ಹಳೆಯದೆಲ್ಲ ಚಂದ, ಹೊಸದೆಲ್ಲ ಹುಸಿ ಎಂದು ಹಾಡಿದಂತಾಗುತ್ತದೆ. ಅದು ನನ್ನ ಮಾತಲ್ಲ. ಅದಕ್ಕೇ ಮತ್ತೆ ಜಗತ್ ಸರ್ಕಲ್ಲಿಗೆ ಬರುತ್ತೇನೆ. ಅಲ್ಲಿ ಬಾಬಾಸಾಹೇಬರ ಪ್ರತಿಮೆ ಇದೆ. ಏಪ್ರಿಲ್ 14ರಂದು ಈ ಸರ್ಕಲ್ಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಳೆಯ ಹುಡುಗರು ಸುಡುಬಿಸಿಲಲ್ಲಿ ಕೋಟು, ಟೈ ತೊಟ್ಟು ಅಪ್ಪನ ಹೆಗಲೇರಿ ಬಂದಿರುತ್ತಾರೆ. ಈ ಸೆಕೆಯಲ್ಲಿ ಕೋಟೇಕೆ ಎಂದು ಗೊಂಬೆಗೆ ಕೇಳಿದ ಪ್ರಶ್ನೆಯನ್ನು ಇವರಿಗೂ ಕೇಳಬಹುದೇ?

ಗಾಂಧಿ, ಅಂಬೇಡ್ಕರ್ ಇಬ್ಬರೂ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದವರು. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಗಾಂಧಿ ಇದ್ದ ಬಟ್ಟೆಯನ್ನೂ ಕಳಚಿ ಮೊಣಕಾಲ ಮೇಲಿನ ತುಂಡಿಗೆ ಇಳಿದರು. ಕಳಚಲು ಇದ್ದವರಿಗೆ ಅದು ತ್ಯಾಗ. ತಲೆತಲಾಂತರದಿಂದ ಇನ್ನೊಬ್ಬರು ಬಿಸುಟಿದ್ದನ್ನೇ ಉಡಬೇಕಾದವರಿಗೆ ಕಳಚಲು ಏನಿತ್ತು? ಅಂಬೇಡ್ಕರ್ ತೊಟ್ಟರು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಜಾತಿ ಗುರುತಿಸುವಂತೆ ಮೇಲೆತ್ತಿ ಉಡುವ ಸೀರೆಯ ರೀತಿ ಬಿಡಿ, ಮೇಲ್ಜಾತಿಯ ಹೆಂಗಸರಂತೆ ಉಡಿ, ಬಟ್ಟೆ ಹರಿದಿದ್ದರೂ ಶುಭ್ರವಾಗಿರಲಿ ಎಂದರು. ಬೇರೆಯವರಂತೆ ಉಡಿ ಎಂದರೆ ಅನುಕರಣೆಯೇ ತಾನೇ ಎಂದು ಯಾರಾದರೂ ಕೇಳಬಹುದು. ಮೇಲುನೋಟಕ್ಕೆ ಹೌದು. ಆದರೆ ಏನನ್ನು ಬಿಡುತ್ತಿದ್ದೇವೆ, ಯಾಕೆ, ಯಾರ ಕಣ್ಣೆದುರು ಎಂಬುದೆಲ್ಲ ಅಲ್ಲಿ ಲೆಕ್ಕ ಹಾಕಿ ಆಗಿತ್ತು. ಜಗತ್ ಸರ್ಕಲ್ಲಿನ ಆ ಮಗುವಿನ ಕೋಟಿಗೂ ಗಾಜಿನ ಹಿಂದಿನ ಗೊಂಬೆಯ ಜಾಕೆಟ್ಟಿಗೂ ಇರುವ ದೂರ ಅಷ್ಟು. ಬೆವರು ಎರಡರೊಳಗೂ ಬಂದೀತು. ಮಗುವಿನ ಅಪ್ಪನಿಗೆ ಅದು ಯಾಕೆಂದು ಗೊತ್ತು.

ಕೋಟಿನ ಮಾತು ಬಂತು, ಶೇರ್ವಾನಿಯನ್ನೂ ಮುಟ್ಟಿ ಮುಂದೆ ಹೋಗುತ್ತೇನೆ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಊರಿದು. ಆ ಕಾಲದ ದಫ್ತರಿನ ಗುಮಾಸ್ತರು ಜಾತಿ, ಧರ್ಮ ಯಾವುದಿದ್ದರೂ ಗಂಟಲತನಕ ಗುಂಡಿಯಿದ್ದ ಸರಳ ಶೇರ್ವಾನಿ ತೊಡುತ್ತಿದ್ದರು. ಸ್ವತಃ ನಿಜಾಮ ಉಸ್ಮಾನ್ ಅಲಿ ಖಾನ್, 1937ರಲ್ಲಿ 'ಟೈಮ್' ಪತ್ರಿಕೆ ಜಗತ್ತಿನ ಅತಿ ದೊಡ್ಡ ಶ್ರೀಮಂತನೆಂದು ಮುಖಪುಟಕ್ಕೆ ಹಾಕಿದ ಮನುಷ್ಯ, ಮಾಸಿದ ಶೇರ್ವಾನಿಯನ್ನೂ ಹಳೆಯ ಟೊಪ್ಪಿಗೆಯನ್ನೂ ವರ್ಷಗಟ್ಟಲೆ ಬಿಡಲಿಲ್ಲವೆಂದು ಪ್ರಸಿದ್ಧ. ಅದು ಶೈಲಿಯೋ ಜಿಪುಣತನವೋ, ನಾನು ಪಂಚಾಯಿತಿಗೆ ಕೂರುವುದಿಲ್ಲ. ಆ ಶೇರ್ವಾನಿ ಈಗ ಮಖಮಲ್ಲು, ಜರಿ, ಗಾಜಿನ ಮಣಿ ಹೊತ್ತು, ಮೂರು ದಿನದ ಬಾಡಿಗೆಗೆ, ಮೇ ತಿಂಗಳ ಮದುಮಗನ ಮೈಮೇಲೆ ಮರಳಿದೆ. ಫೋಟೋ ಮುಗಿಯುತ್ತಲೇ ಅವನು ಕೂಲರ್ ಮುಂದೆ ಕುಕ್ಕರಿಸುತ್ತಾನೆ. ಪಾಪ.

ನನ್ನದೀಗ ಸರಳ ಲೆಕ್ಕ. ಬೇಸಿಗೆಗೆ ಕೈಮಗ್ಗದ ಬಿಳಿ ಹತ್ತಿಯ ನಾಲ್ಕು ಅಂಗಿ, ಬಗಲಲ್ಲಿ ಗಾಳಿ ಆಡುವಷ್ಟು ಸಡಿಲ, ಜೇಬಿನಲ್ಲಿ ಒಂದು ದಸ್ತಿ. ಟೇಲರ್ ಈಗ ಮಾಪು ಹಿಡಿಯುವುದಿಲ್ಲ, ಹೊಟ್ಟೆ ಮಾತ್ರ ಒಮ್ಮೆ ಕಣ್ಣಲ್ಲೇ ಅಳೆದು, "ಬಕ್ಕಣ ಒಂದೋ ಎರಡೋ?" ಎನ್ನುತ್ತಾನೆ. ಒಂದೇ. ಎರಡಿದ್ದರೆ ಫೋನು, ಕನ್ನಡಕ, ಪೆನ್ನು ಎಲ್ಲ ತುಂಬಿ ಅಂಗಿ ಎದೆಯಿಂದ ಜೋತುಬೀಳುತ್ತದೆ. ಇದನ್ನು ಕಲಿಯಲು ನನಗೆ ಐವತ್ತು ದಾಟಬೇಕಾಯಿತು.

ಮಗಳಿಗೆ ಅತ್ತೆ ತನ್ನ ಟ್ರಂಕಿನಿಂದ ಎರಡು ಸೀರೆ ತೆಗೆದಳು. ಮಗಳ ಕೈ ಚಂದ್ರಕಾಳಿಗೆ ಹೋಯಿತು. ರೀಲ್ಸಿನಲ್ಲಿ ಇದ್ದದ್ದು ಅದೇ. ಅತ್ತೆ ಬೇಡ ಎನ್ನಲಿಲ್ಲ. ಉಡಿಸಿದಳು, ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿದಳು, ಕಟ್ಟೆಯ ಮೇಲೆ ಕೂರಿಸಿದಳು, ತುಂಬಿದ ಕೊಡ ಎತ್ತಿಸಿದಳು. ಆಮೇಲೆ ಬಿಚ್ಚಿಸಿ ಹಸಿರು ಉಡಿಸಿ ಅಷ್ಟನ್ನೂ ಇನ್ನೊಮ್ಮೆ ಮಾಡಿಸಿದಳು. ಮಗಳು ಕನ್ನಡಿಯನ್ನು ಬಹಳ ಹೊತ್ತು ನೋಡಿ ಹಸಿರನ್ನೇ ಇಟ್ಟುಕೊಂಡಳು.

ಸಂಕ್ರಾಂತಿಗೆ ಅದನ್ನೇ ಉಟ್ಟು ಮತ್ತೆ ಕಮಲಾಪುರಕ್ಕೆ ಬಂದಳು, ಕಾಲಲ್ಲಿ ಬಿಳಿ ಸ್ಪೋರ್ಟ್ಸ್ ಬೂಟು. ನಾನು ಅತ್ತೆಯ ಮುಖ ನೋಡಿದೆ. ಅವಳು ಬೂಟನ್ನು ಒಂದು ಸುತ್ತು ನೋಡಿದಳು. ಬಗ್ಗಿ, ನಿರಿಗೆಯನ್ನು ಹಿಡಿದು ಎತ್ತಿ, ನಡುವಿಗೆ ಮತ್ತೆ ಸಿಕ್ಕಿಸಿದಳು.

"ಬೂಟ ಇದ್ದಾಗ ದಡಿ ಎರಡ ಬಟ್ಟ ಮ್ಯಾಲ ಇರಲಿ. ಇಲ್ಲಂದ್ರ ಧೂಳು ಹತ್ತತದ."