ಟಿ ವೀಸಾದ ನಾಲ್ಕು ಸಾಲು

ಮಾನವ ಕಳ್ಳಸಾಗಣೆಗೆ ಸಿಕ್ಕವರನ್ನು ಕಾಪಾಡಲೆಂದು ಅಮೆರಿಕ 2000ದ ಅಕ್ಟೋಬರ್‌ನಲ್ಲಿ ತಂದ ಕಾಯ್ದೆಯಲ್ಲಿ ಟಿ ವೀಸಾ ಹುಟ್ಟಿತು. ಅದರ ಮುಖ್ಯ ಷರತ್ತುಗಳು ನಾಲ್ಕೇ. ಇಲ್ಲಿ ಕೊಟ್ಟಿರುವುದು ಅವುಗಳ ಸಾರ. ಓದುವಾಗ ಸಿಗ್ನಲ್ ಇಂಟರ್‌ನ್ಯಾಷನಲ್ ಪ್ರಕರಣ ಕಣ್ಣೆದುರಿಗಿರಲಿ. ಕತ್ರಿನಾ ಚಂಡಮಾರುತದ ನಂತರ ಈ ಕಂಪನಿ ಮಿಸಿಸಿಪ್ಪಿ ಮತ್ತು ಟೆಕ್ಸಾಸ್‌ನ ತನ್ನ ಹಡಗು ಯಾರ್ಡ್‌ಗಳಿಗೆ ಭಾರತದಿಂದ ಸುಮಾರು 500 ವೆಲ್ಡರ್, ಪೈಪ್ ಫಿಟ್ಟರ್‌ಗಳನ್ನು ಕರೆಸಿಕೊಂಡಿತ್ತು.

ಅರ್ಜಿದಾರರು ತೀವ್ರ ಸ್ವರೂಪದ ಕಳ್ಳಸಾಗಣೆಗೆ ಬಲಿಯಾಗಿರಬೇಕು.

ಕಳ್ಳಸಾಗಣೆ ಎಂದೊಡನೆ ರಾತ್ರಿ ಗಡಿ ದಾಟುವ ಲಾರಿ ನೆನಪಾಗುತ್ತದೆ. ಕಾಯ್ದೆಗೆ ಆ ಲಾರಿ ಬೇಕಿಲ್ಲ. ಬಲಪ್ರಯೋಗ, ಮೋಸ, ದಬ್ಬಾಳಿಕೆ, ಈ ಮೂರರಲ್ಲಿ ಯಾವುದಾದರೂ ಒಂದರಿಂದ ಒಬ್ಬರನ್ನು ಕರೆತಂದು ಜೀತದಂಥ ದುಡಿಮೆಗೆ ಹಚ್ಚಿದ್ದರೆ ಸಾಕು. ಸಿಗ್ನಲ್‌ನ ಕೆಲಸಗಾರರು ಬಂದದ್ದು ವಿಮಾನದಲ್ಲಿ, ಎಚ್-2ಬಿ ವೀಸಾದ ಮೇಲೆ, ಎಲ್ಲ ಕಾಗದ ಸರಿಯಾಗಿಯೇ. ಮೋಸ ನಡೆದದ್ದು ಅದಕ್ಕೂ ಮುಂಚೆ. ಕುಟುಂಬ ಸಮೇತ ಗ್ರೀನ್ ಕಾರ್ಡ್ ಕೊಡಿಸುತ್ತೇವೆಂದು ಏಜೆಂಟರು ತಲಾ ಹತ್ತರಿಂದ ಇಪ್ಪತ್ತು ಸಾವಿರ ಡಾಲರ್ ವಸೂಲಿ ಮಾಡಿದ್ದರು. ಜಮೀನು ಮಾರಿದವರು, ಬಡ್ಡಿಗೆ ಸಾಲ ತಂದವರು ವಿಮಾನ ಹತ್ತಿದ್ದರು. ಸಿಕ್ಕ ವೀಸಾ ತಾತ್ಕಾಲಿಕದ್ದು, ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವಂಥದ್ದು. ವಾಸ ಕಾವಲುಗಾರರಿದ್ದ ಶಿಬಿರದಲ್ಲಿ: ಒಂದು ಟ್ರೇಲರ್‌ನಲ್ಲಿ 24 ಜನ, ಅದಕ್ಕೆ ತಿಂಗಳಿಗೆ 1,050 ಡಾಲರ್ ಸಂಬಳದಲ್ಲೇ ಕಡಿತ.

ಇಷ್ಟು ಕಂಡೂ ಕೇಳುವವರಿದ್ದಾರೆ: ಬೀಗ ಹಾಕಿರಲಿಲ್ಲವಲ್ಲ, ಎದ್ದು ಹೋಗಬಹುದಿತ್ತಲ್ಲ? ಉತ್ತರ ಕಾಯ್ದೆಯ ಒಳಗೇ ಇದೆ. ಕಾನೂನನ್ನೇ ಬೆದರಿಕೆಯಾಗಿ ಬಳಸುವುದನ್ನೂ ಅದು ದಬ್ಬಾಳಿಕೆ ಎಂದೇ ಎಣಿಸುತ್ತದೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಅತ್ಯಂತ ಕಣ್ಣು ತೆರೆದು ಬರೆದ ಮಾತು ಇದು. ಮಾಲೀಕ ಕೈ ಎತ್ತಬೇಕಿಲ್ಲ. ‘ವಾಪಸ್ ಕಳಿಸುತ್ತೇನೆ’ ಅಂದರೆ ಸಾಕು, ಊರಲ್ಲಿರುವ ಸಾಲ ಉಳಿದ ಕೆಲಸ ಮಾಡುತ್ತದೆ. 2007ರ ಮಾರ್ಚ್‌ನಲ್ಲಿ, ಸಂಘಟನೆಗೆ ಇಳಿದಿದ್ದ ಕೆಲವರನ್ನು ವಾಪಸ್ ಅಟ್ಟಲು ಕಾವಲುಗಾರರು ಬೆಳಗಾಗುವ ಮುಂಚೆಯೇ ಶಿಬಿರಕ್ಕೆ ನುಗ್ಗಿದರು. ಹಿಡಿದವರಲ್ಲಿ ಒಬ್ಬ ಮಣಿಕಟ್ಟು ಕೊಯ್ದುಕೊಂಡ.

ಆ ಕಳ್ಳಸಾಗಣೆಯ ಕಾರಣಕ್ಕೇ ಅಮೆರಿಕದಲ್ಲಿರಬೇಕು.

ನೋಡಲು ಸಾದಾ ಷರತ್ತು. ಆದರೆ 2002ರ ನಿಯಮಗಳು ಇದಕ್ಕೊಂದು ಬಾಲ ಅಂಟಿಸಿದ್ದವು: ತಪ್ಪಿಸಿಕೊಂಡ ಮೇಲೆ ದೇಶ ಬಿಡುವ ಅವಕಾಶ ಇತ್ತೇ, ಇದ್ದರೂ ಯಾಕೆ ಬಿಡಲಿಲ್ಲ ಎಂದು ಅರ್ಜಿದಾರರೇ ವಿವರಿಸಬೇಕಿತ್ತು. 2016ರ ತಿದ್ದುಪಡಿ ಅದನ್ನು ಕಿತ್ತುಹಾಕಿತು.

ತನಿಖೆಗೆ ಪೊಲೀಸರು ಕೇಳಿದ ನ್ಯಾಯಸಮ್ಮತ ಸಹಕಾರ ಕೊಟ್ಟಿರಬೇಕು.

ವಕೀಲರ ಹೆಚ್ಚಿನ ಬೆವರು ಹರಿಯುವುದು ಇಲ್ಲಿ. ವರ್ಷವಿಡೀ ‘ವಲಸೆ ಇಲಾಖೆಗೆ ಹಿಡಿದುಕೊಡುತ್ತೇವೆ’ ಎಂದು ಹೆದರಿಸಿಕೊಂಡವನಿಗೆ ಕಾಯ್ದೆ ಹೇಳುವುದು, ಈಗ ಸರ್ಕಾರದ ಬಾಗಿಲಿಗೇ ಹೋಗು ಅಂತ. ಸಿಗ್ನಲ್ ಪ್ರಕರಣದಲ್ಲಿ ಆ ಭಯಕ್ಕೆ ಆಧಾರವೂ ಇತ್ತು. ಕೆಲಸಗಾರರನ್ನು ಹೇಗೆ ಸದ್ದಿಲ್ಲದೆ ವಾಪಸ್ ಕಳಿಸಬಹುದೆಂದು ವಲಸೆ ಅಧಿಕಾರಿಗಳೇ ಸಲಹೆ ಕೊಟ್ಟರೆಂದು ಕಂಪನಿಯ ಕಡೆಯವರು ಪ್ರಮಾಣ ಮಾಡಿ ಹೇಳಿದ್ದಾರೆ. ಇಂಥಲ್ಲಿ ಒಬ್ಬೊಬ್ಬನೇ ದೂರು ಕೊಡುವುದು ಆಗದ ಮಾತು. 2008ರ ಮಾರ್ಚ್‌ನಲ್ಲಿ ಸುಮಾರು ನೂರು ಜನ ಒಟ್ಟಿಗೇ ಕೆಲಸ ಬಿಟ್ಟು ಹೊರಬಂದರು. ನ್ಯೂ ಆರ್ಲಿಯನ್ಸ್‌ನಿಂದ ವಾಷಿಂಗ್ಟನ್‌ಗೆ ಜಾಥಾ ಹೊರಟರು, ಅಲ್ಲಿ ಉಪವಾಸ ಕೂತರು. ಬೇಡಿಕೆಯೂ ಕಾಯ್ದೆಯ ಭಾಷೆಯಲ್ಲೇ ಇತ್ತು: ನಮ್ಮನ್ನು ಸಾಕ್ಷಿಗಳೆಂದು ಪರಿಗಣಿಸಿ, ತನಿಖೆ ಮುಗಿಯುವತನಕ ಇಲ್ಲಿರಲು ಬಿಡಿ. ಬಹಳ ಮಂದಿಗೆ ಕಡೆಗೆ ಟಿ ವೀಸಾ ಸಿಕ್ಕಿತು. ಕೆಲಸಗಾರರು ಕಂಪನಿಯ ಮೇಲೆ ಹೂಡಿದ್ದ ಸಿವಿಲ್ ದಾವೆಯ ತೀರ್ಪು ಬರಲು 2015ರ ಫೆಬ್ರವರಿ ಆಯಿತು. ಐವರು ಕೆಲಸಗಾರರಿಗೆ ಸುಮಾರು 1.4 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ನ್ಯೂ ಆರ್ಲಿಯನ್ಸ್‌ನ ಜ್ಯೂರಿ ಹೇಳಿತು. ಅದೇ ವರ್ಷದ ಜುಲೈನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

‘ನ್ಯಾಯಸಮ್ಮತ’ ಎಂಬ ವಿಶೇಷಣವನ್ನು ಬಿಟ್ಟು ಓದಬಾರದು. ಆರೋಪಿಗೆ ಶಿಕ್ಷೆ ಆಗಲೇಬೇಕೆಂದಿಲ್ಲ, ಮೊಕದ್ದಮೆ ಹೂಡಬೇಕೆಂದೂ ಇಲ್ಲ. ಹದಿನೆಂಟು ತುಂಬದವರಿಗೆ, ಆಘಾತದಿಂದ ಮಾತಾಡುವ ಸ್ಥಿತಿಯಲ್ಲೇ ಇಲ್ಲದವರಿಗೆ ಈ ಷರತ್ತಿನಿಂದ ವಿನಾಯಿತಿ ಇದೆ. ಇಷ್ಟಿದ್ದೂ, ವರ್ಷಕ್ಕೆ 5,000 ಟಿ ವೀಸಾ ಕೊಡಲು ಅವಕಾಶವಿರುವಲ್ಲಿ ಮೊದಲ ಹತ್ತು ವರ್ಷ ಅದರ ಕಾಲುಭಾಗವೂ ಖರ್ಚಾಗಲಿಲ್ಲ.

ವಾಪಸ್ ಕಳಿಸಿದರೆ ಅಸಾಧಾರಣವೂ ಗಂಭೀರವೂ ಆದ ಹಾನಿಯ ತೀವ್ರ ಸಂಕಷ್ಟ ಎದುರಾಗುವಂತಿರಬೇಕು.

ನನಗೆ ಒಪ್ಪಿಗೆಯಾಗದ ಸಾಲು ಇದೊಂದೇ. ನಿಯಮಗಳ ಪ್ರಕಾರ ಬರೀ ಹಣಕಾಸಿನ ನಷ್ಟ ಇಲ್ಲಿ ಸಾಲದು. ಆದರೆ ಸಾಲವನ್ನೇ ಸರಪಳಿ ಮಾಡಿಕೊಂಡು ನಡೆದ ಅಪರಾಧದಲ್ಲಿ ಹಣಕಾಸನ್ನು ಬೇರೆ ತೆಗೆದು ಇಡುವುದು ಹೇಗೆ? ಅನುಭವಿ ವಕೀಲರು ಅಫಿಡವಿಟ್‌ನಲ್ಲಿ ‘ಇಷ್ಟು ಲಕ್ಷ ಸಾಲವಿದೆ’ ಎಂದು ಬರೆದು ಕೈಬಿಡುವುದಿಲ್ಲ. ಸಾಲ ಕೊಟ್ಟವರು ಮನೆಗೆ ಬಂದು ಏನಂದರು, ಏಜೆಂಟನ ಕಡೆಯವರು ಊರಲ್ಲಿ ಹೆಂಡತಿ ಮಕ್ಕಳನ್ನು ಹೇಗೆ ಬೆದರಿಸಿದರು, ಸ್ಥಳೀಯ ಠಾಣೆ ದೂರು ತೆಗೆದುಕೊಳ್ಳುತ್ತದೆಯೇ, ಇವನ್ನೆಲ್ಲ ತಾರೀಕು ಸಮೇತ ದಾಖಲಿಸುತ್ತಾರೆ.