ಒಂದೇ ತಂತಿಯ ಲ್ಯಾಪ್‌ಟಾಪ್

ರೌಟರ್ ಪಕ್ಕ ಕೂತರೆ ವೈಫೈ ಬರುತ್ತದೆ, ನಾಲ್ಕು ಹೆಜ್ಜೆ ಆಚೆ ಹೋದರೆ ಹೋಗಿಬಿಡುತ್ತದೆ. ತಿಪಟೂರು ಕಡೆಯ ಹೈಸ್ಕೂಲ್ ಮೇಡಂ ಒಬ್ಬರು ತಮ್ಮ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದ ದೂರು ಇಷ್ಟೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಏಳನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, ಗಟ್ಟಿ ಕೀಲಿಮಣೆ, ಗೀರಿಲ್ಲದ ಪರದೆ. ಇನ್ನೂ ಐದಾರು ವರ್ಷ ದುಡಿಯಬಲ್ಲ ಯಂತ್ರ. ಆದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್ ಪ್ರೊಸೆಸರುಗಳ ಪೈಕಿ ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಈಚಿನವನ್ನಷ್ಟೇ ಒಪ್ಪುತ್ತದೆ. ಹಾಗಾಗಿ ಮೇಡಂ ಮಗ ಲಿನಕ್ಸ್ ಹಾಕಿಕೊಟ್ಟಿದ್ದ. ವೈಫೈ ಸರಿಬರಲಿಲ್ಲವೆಂದು ಅದನ್ನು ಅಳಿಸಿ ಬೇರೆ ಡಿಸ್ಟ್ರೋ, ಅಂದರೆ ಲಿನಕ್ಸಿನದೇ ಇನ್ನೊಂದು ಅವತಾರ ಹಾಕಿದ. ಅದೂ ಆಗದೆ ಮೂರನೆಯದು. ಮೂರು ಭಾನುವಾರ ಹೋದವು, ವೈಫೈ ಮಾತ್ರ ಇದ್ದ ಹಾಗೇ ಇತ್ತು.

ಹಟ ಬಿಡದೆ ಮೂರು ಸಲ ಹಾಕಿದ ಆ ಹುಡುಗನ ಮೇಲೆ ನನಗೆ ಅಭಿಮಾನವೇ ಬಂತು. ಆದರೆ ಅವನು ಬದಲಾಯಿಸುತ್ತಿದ್ದದ್ದು ಡೆಸ್ಕ್‌ಟಾಪಿನ ರೂಪ, ಮೆನುಗಳು, ಸಾಫ್ಟ್‌ವೇರ್ ತಂದುಕೊಡುವ ಕ್ರಮ. ಇವೆಲ್ಲದರ ಕೆಳಗೆ ಕೂತು ಹಾರ್ಡ್‌ವೇರ್ ಜೊತೆ ಮಾತಾಡುವ ಕರ್ನಲ್ ಮೂರರಲ್ಲೂ ಒಂದೇ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು. ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ಕರ್ನಲ್ ಜೊತೆಯಲ್ಲೇ ಬರುತ್ತವೆ. ಒಂದು ಡಿಸ್ಟ್ರೋದಲ್ಲಿ ತಪ್ಪು ಮಾಡುವ ಡ್ರೈವರ್ ಇನ್ನೊಂದರಲ್ಲೂ ಅದೇ ತಪ್ಪು ಮಾಡುತ್ತದೆ. ತೀರಾ ಹೊಸ ಲ್ಯಾಪ್‌ಟಾಪಿಗೆ ಹಳೇ ಕರ್ನಲ್ ಇರುವ ಡಿಸ್ಟ್ರೋ ಹಾಕಿದ್ದರೆ ಬದಲಾಯಿಸುವುದರಲ್ಲಿ ಅರ್ಥವಿದೆ. ಈ ಯಂತ್ರಕ್ಕೆ ಆ ಮಾತು ಸಲ್ಲುವುದಿಲ್ಲ.

ಇಂಥ ಯಂತ್ರ ಕೈಗೆ ಬಂದಾಗ ನಾನು ಮೊದಲು ಮಾಡುವುದು ಒಳಗಿರುವ ಚಿಪ್ಪಿನ ಹೆಸರು ಕೇಳುವುದು. ಲ್ಯಾಪ್‌ಟಾಪಿನ ಮಾಡೆಲ್ ಹೆಸರಿನಿಂದ ಪ್ರಯೋಜನ ಕಡಿಮೆ. ಒಂದೇ ಮಾಡೆಲ್ಲಿನ ಎರಡು ಯಂತ್ರಗಳಲ್ಲಿ ಬೇರೆ ಬೇರೆ ಕಂಪನಿಯ ವೈಫೈ ಕಾರ್ಡ್ ಇರುವುದು ದಿನನಿತ್ಯದ ಸಂಗತಿ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಎಂಬ ಆದೇಶವನ್ನು ‘ಎನ್‌ಎನ್‌ಕೆ’ ಎಂಬ ಬಾಲ ಸೇರಿಸಿ ಕೊಟ್ಟರೆ ಪ್ರತಿ ಸಾಧನದ ಎದುರು ಚೌಕ ಆವರಣದೊಳಗೆ ಎರಡು ಸಂಖ್ಯೆಗಳ ಜೋಡಿ ಕಾಣುತ್ತದೆ. ಮೊದಲಿನದು ತಯಾರಕರ ಗುರುತು, ಎರಡನೆಯದು ಚಿಪ್ಪಿನದು. ಇಂಟೆಲ್ ಗುರುತು 8086, ಅವರ ಹೆಸರಾಂತ ಹಳೇ ಪ್ರೊಸೆಸರಿನ ಸಂಖ್ಯೆಯೇ. ಎನ್ವಿಡಿಯಾದ್ದು 10ಡಿಇ, ಬ್ರಾಡ್‌ಕಾಮಿನದು 14ಇ4. ಕೆಳಗೆ ಈಗ ಯಾವ ಡ್ರೈವರ್ ಆ ಚಿಪ್ಪನ್ನು ನೋಡಿಕೊಳ್ಳುತ್ತಿದೆ ಎಂಬ ಸಾಲು. ಆ ಸಾಲೇ ಇಲ್ಲದಿದ್ದರೆ ಚಿಪ್ಪು ಅನಾಥ ಎಂದರ್ಥ. ಬೆರಳಚ್ಚು ಓದುವ ಸಾಧನ, ಬ್ಲೂಟೂತ್, ಹೆಚ್ಚಿನ ಕ್ಯಾಮೆರಾಗಳು ಯುಎಸ್‌ಬಿ ಒಳದಾರಿಯಲ್ಲಿರುವುದರಿಂದ ಅವಕ್ಕೆ ‘ಎಲ್‌ಎಸ್‌ಯುಎಸ್‌ಬಿ’. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕನ್ನು ಮುಟ್ಟುವ ಮೊದಲೇ ಇದಿಷ್ಟನ್ನೂ ನೋಡಬಹುದು. ನೋಡಲೇಬೇಕು.

ಡ್ರೈವರ್ ಇದ್ದೂ ಸಾಧನ ಏಳದಿದ್ದರೆ ಮುಂದಿನ ಅನುಮಾನ ಫರ್ಮ್‌ವೇರ್ ಮೇಲೆ. ಈಗಿನ ವೈಫೈ ಚಿಪ್ಪುಗಳ ಒಳಗೇ ಒಂದು ಪುಟ್ಟ ಪ್ರೊಸೆಸರ್ ಇರುತ್ತದೆ, ಅದಕ್ಕೊಂದು ಪ್ರೋಗ್ರಾಂ ಬೇಕು. ಕರೆಂಟ್ ಬಂದ ಪ್ರತಿ ಸಲವೂ ಡ್ರೈವರ್ ಅದನ್ನು ಡಿಸ್ಕಿನಿಂದ ಎತ್ತಿ ಚಿಪ್ಪಿಗೆ ತುಂಬುತ್ತದೆ. ಆ ಕಡತ ಕಂಪನಿಯ ಸ್ವತ್ತು, ಅದರ ಮೂಲ ಸಂಕೇತ ಸಿಗುವುದಿಲ್ಲ. ಈ ಕಾರಣಕ್ಕೇ ಡೆಬಿಯನ್ ಎಂಬ ಡಿಸ್ಟ್ರೋ ತನ್ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಅಂಥ ಫರ್ಮ್‌ವೇರ್ ಇಡುತ್ತಿರಲಿಲ್ಲ. ಇನ್‌ಸ್ಟಾಲ್ ಅರ್ಧಕ್ಕೆ ನಿಂತು ಇಂಥ ಕಡತ ಬೇಕು ಎಂದು ಕೇಳಿದಾಗ ಇಂಟರ್‌ನೆಟ್ಟಿಗಾಗಿ ಇಂಟರ್‌ನೆಟ್ಟನ್ನೇ ಹುಡುಕುವ ಪಾಡು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಫರ್ಮ್‌ವೇರ್ ಒಳಗೇ ಇದೆ. ತತ್ತ್ವ ಸಡಿಲವಾಯಿತೆಂದು ಕೊರಗಿದವರನ್ನು ನಾನು ಗೌರವಿಸುತ್ತೇನೆ. ಆದರೂ ಈ ತೀರ್ಮಾನ ಸರಿಯೆಂದೇ ನನ್ನ ನಂಬಿಕೆ. ಮೊದಲ ದಿನವೇ ವೈಫೈ ಬಾರದ ಯಂತ್ರದಿಂದ ಯಾರಿಗೂ ಸ್ವಾತಂತ್ರ್ಯದ ರುಚಿ ಹತ್ತುವುದಿಲ್ಲ.

ಆ ಹಳೆಯ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು ಬ್ರಾಡ್‌ಕಾಮ್ ಚಿಪ್ಪುಗಳಿಗೆ ಡ್ರೈವರ್ ಬರೆದವರ ಕೆಲಸ. ಆಗ ಕಂಪನಿಯಿಂದ ಲಿನಕ್ಸಿಗೆ ಡ್ರೈವರೂ ಇಲ್ಲ, ಚಿಪ್ಪಿನ ವಿವರವೂ ಇಲ್ಲ. ವಿಂಡೋಸಿನ ಡ್ರೈವರನ್ನೇ ಎನ್‌ಡಿಐಎಸ್‌ರ್‍ಯಾಪರ್ ಎಂಬ ಹೊದಿಕೆಯೊಳಗೆ ಕೂರಿಸಿ ದಿನ ದೂಡುತ್ತಿದ್ದೆವು. ಇದು ಸಾಲದೆಂದು ಕೆಲವರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಚಿಪ್ಪು ಯಾವ ಮಾತಿಗೆ ಹೇಗೆ ಸ್ಪಂದಿಸುತ್ತದೆ ಎಂಬ ವಿವರವನ್ನಷ್ಟೇ ಬರೆದಿಟ್ಟಿತು. ಇನ್ನೊಂದು ಗುಂಪು ಮೂಲವನ್ನು ಕಣ್ಣಲ್ಲೂ ನೋಡದೆ, ಆ ವಿವರ ಓದಿ ಹೊಸ ಡ್ರೈವರ್ ಬರೆಯಿತು. ನಕಲು ಮಾಡಿದರೆಂದು ಯಾರೂ ಬೆರಳು ತೋರಿಸದಿರಲಿ ಎಂದು ಈ ಎಚ್ಚರ. ಆ ಡ್ರೈವರ್ 2006ರಲ್ಲಿ 2.6.17ನೇ ಕರ್ನಲ್ ಸೇರಿತು. ಮುಂದೆ ಅದರ ಜಾಗಕ್ಕೆ ಬಂದದ್ದು ಬಿ43. ಫರ್ಮ್‌ವೇರನ್ನು ಹಂಚುವ ಹಕ್ಕಿಲ್ಲದ್ದರಿಂದ, ಕಂಪನಿಯ ಡ್ರೈವರಿನಿಂದ ಅದನ್ನು ನಮ್ಮ ನಮ್ಮ ಮನೆಯಲ್ಲೇ ಕತ್ತರಿಸಿ ತೆಗೆದುಕೊಳ್ಳಲು ಒಂದು ಪುಟ್ಟ ಉಪಕರಣವನ್ನೂ ಬರೆದುಕೊಟ್ಟರು. 2010ರಲ್ಲಿ ಬ್ರಾಡ್‌ಕಾಮ್ ತಾನೇ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು. ಎಲ್ಲೋ ಕೂತು ಯಾರೋ ಎರಡು ಪಾಳಿಯಲ್ಲಿ ದುಡಿದದ್ದರಿಂದ ಆ ಕಾಲದ ಎಷ್ಟೋ ಲ್ಯಾಪ್‌ಟಾಪುಗಳು ಲಿನಕ್ಸಿನಲ್ಲಿ ವೈಫೈ ಹಿಡಿದವು. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ.

ಮೇಡಂ ಲ್ಯಾಪ್‌ಟಾಪಿಗೆ ಬರುತ್ತೇನೆ. ಡ್ರೈವರ್ ಇತ್ತು, ಫರ್ಮ್‌ವೇರ್ ಇತ್ತು, ಕರ್ನಲ್ಲಿನ ದಿನಚರಿಯಲ್ಲಿ ಒಂದೂ ದೂರಿಲ್ಲ. ಆದರೆ ರೌಟರ್ ಇರುವ ಕೋಣೆಯಲ್ಲೇ ಸಿಗ್ನಲ್ ಮೈನಸ್ 82 ಡಿಬಿಎಂ. ಈ ಅಳತೆಯಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50ರ ಆಸುಪಾಸು ಇರಬೇಕಾದ ಜಾಗದಲ್ಲಿ 82 ಎಂದರೆ ಕಿವಿಗೆ ಹತ್ತಿ ತುರುಕಿಕೊಂಡು ಕೇಳಿದ ಹಾಗೆ. ಚಿಪ್ಪಿನ ಸಂಖ್ಯೆ ನೋಡಿದಾಗ ಅನುಮಾನ ಬಂತು. ಹಿಂಬದಿಯ ತಿರುಪು ಬಿಚ್ಚಿ ಮುಚ್ಚಳ ಎತ್ತಿದೆ. ಎರಡು ಬೆರಳಗಲದ ಕಾರ್ಡ್. ಅದರ ಅಂಚಿನಲ್ಲಿ ಆಂಟೆನಾ ತಂತಿ ಸಿಕ್ಕಿಸಲು ಸಾಸಿವೆ ಗಾತ್ರದ ಎರಡು ಚಿನ್ನದ ಬಣ್ಣದ ಗುಂಡಿಗಳು. ಒಂದಕ್ಕೆ ಕಪ್ಪು ತಂತಿ ಕೂತಿದೆ. ಇನ್ನೊಂದು ಖಾಲಿ. ತಂತಿ ಕಳಚಿ ಬಿದ್ದಿದೆಯೇ ಎಂದು ಟಾರ್ಚ್ ಹಿಡಿದು ಹುಡುಕಿದೆ. ಇಲ್ಲ, ಕಾರ್ಖಾನೆಯಲ್ಲೇ ಒಂದು ತಂತಿ ಹಾಕಿ ಬಿಟ್ಟಿದ್ದರು.

ಒಂದು ತಂತಿ ಹಾಕಿದ್ದರಲ್ಲಿ ದೋಷವಿಲ್ಲ, ಆ ಚಿಪ್ಪಿಗೆ ಒಂದು ಸಾಕು. ತಂತಿ ಯಾವ ಗುಂಡಿಗಿದೆ ಎಂಬುದನ್ನು ಚಿಪ್ಪಿನ ಶಾಶ್ವತ ನೆನಪಿನಲ್ಲಿ ಬರೆದಿಡಬೇಕಿತ್ತು. ಅಲ್ಲಿ ತಪ್ಪಾಗಿ ಬರೆದಿದ್ದರು. ಲಿನಕ್ಸಿನ ಡ್ರೈವರ್ ಆ ಬರಹವನ್ನು ನಂಬಿ ಖಾಲಿ ಗುಂಡಿಗೆ ಕಿವಿಗೊಟ್ಟು ಕೂತಿತ್ತು. ಕರ್ನಲ್ ಬರೆಯುವವರಿಗೆ ಈ ತಪ್ಪು ಮೊದಲೇ ಗೊತ್ತಿದ್ದದ್ದರಿಂದ ಡ್ರೈವರಿನಲ್ಲಿ ‘ಆಂಟ್ ಸೆಲ್’ ಎಂಬ ಆಯ್ಕೆ ಇಟ್ಟಿದ್ದಾರೆ. 1 ಎಂದರೆ ಒಂದು ಆಂಟೆನಾ, 2 ಎಂದರೆ ಮತ್ತೊಂದು. ಇಟಿಸಿ ಫೋಲ್ಡರಿನೊಳಗಿನ ‘ಮಾಡ್‌ಪ್ರೋಬ್ ಡಾಟ್ ಡಿ’ಯಲ್ಲಿ ಒಂದು ಸಾಲಿನ ಕಡತ ಮಾಡಿ 2 ಎಂದು ಬರೆದೆ. ಡ್ರೈವರನ್ನು ಇಳಿಸಿ ಮತ್ತೆ ಏರಿಸಿದೆ. ಮೈನಸ್ 51. ನಮ್ಮ ಬೀದಿಯ ಮನೆಗಳ ವೈಫೈ ಹೆಸರುಗಳೆಲ್ಲ ಒಂದರ ಹಿಂದೆ ಒಂದು ಪರದೆಯ ಮೇಲೆ ಮೂಡಿದವು.

ಕಾರ್ಡನ್ನೇ ಬದಲಾಯಿಸಬಹುದಿತ್ತಲ್ಲ ಎಂದು ಬಲ್ಲವರು ಕೇಳಬಹುದು. ಬದಲಾಯಿಸಬಹುದು, ಇಂಟೆಲ್ ಎಎಕ್ಸ್210 ಲಿನಕ್ಸಿನಲ್ಲಿ ಸೊಗಸಾಗಿ ನಡೆಯುತ್ತದೆ. ಆದರೆ ನೋಡಲು ಒಂದೇ ತರಹ ಇರುವ ಎಎಕ್ಸ್211ಕ್ಕೆ ಮೋಸಹೋಗಬೇಡಿ. ವೈಫೈ ಕೆಲಸದ ಅರ್ಧ ಭಾಗವನ್ನು ಅದು ಪ್ರೊಸೆಸರ್ ಬದಿಗೆ ಬಿಡುತ್ತದೆ. ಅದಕ್ಕೆಂದೇ ಮಾಡಿದ ಹೊಸ ಇಂಟೆಲ್ ಯಂತ್ರಗಳಲ್ಲಿ ಬಿಟ್ಟು ಬೇರೆಲ್ಲೂ ಏಳುವುದಿಲ್ಲ. ಕೆಲವು ಹಳೇ ಲ್ಯಾಪ್‌ಟಾಪುಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲೂ ಒಪ್ಪುವುದಿಲ್ಲ. ಹಣ ಕೊಡುವ ಮೊದಲು ಇವೆರಡನ್ನೂ ವಿಚಾರಿಸಿಕೊಳ್ಳಿ. ದಾರಿ ಸಿಗುವ ತನಕ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಹಾಕಿಕೊಂಡರೆ ಇಂಟರ್‌ನೆಟ್ ಬರುತ್ತದೆ. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್ಲಿನಲ್ಲೇ ಇದೆ.

ವೈಫೈ ಬಿಟ್ಟರೆ, ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ ಎಂಬ ದೂರು ಈಚೆಗೆ ಹೆಚ್ಚಾಗಿದೆ. ಡಿಸ್ಕ್ ಸತ್ತಿಲ್ಲ, ಬಯೋಸಿನಲ್ಲಿ ಇಂಟೆಲ್ಲಿನ ಆರ್‌ಎಸ್‌ಟಿ ವಿಧಾನದ ಹಿಂದೆ ಅಡಗಿದೆ. ಅದನ್ನು ಎಎಚ್‌ಸಿಐಗೆ ತಿರುಗಿಸಿದರೆ ಕಾಣುತ್ತದೆ. ವಿಂಡೋಸ್ ಉಳಿಸಿಕೊಳ್ಳುವವರು ಮಾತ್ರ ಬಿಟ್‌ಲಾಕರ್ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡು, ವಿಂಡೋಸನ್ನು ಸೇಫ್ ಮೋಡಿಗೆ ಹೋಗಲು ಸಿದ್ಧಮಾಡಿ, ಆಮೇಲೆ ತಿರುಗಿಸಬೇಕು. ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರ ಗಡಿಯಾರ ವಿಂಡೋಸಿನಲ್ಲಿ ಸರಿಯಾಗಿ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಇಡು ಎಂದು ಲಿನಕ್ಸಿಗೆ ಹೇಳಿದರೆ ಮುಗಿಯಿತು.

ಎನ್ವಿಡಿಯಾ ಇರುವವರು ಡ್ರೈವರ್ ಹಾಕಿದ ಮೇಲೆ ಬರುವ ನೀಲಿ ಪರದೆಯನ್ನು ಗಮನವಿಟ್ಟು ಓದಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಹೊರಗಿನ ಡ್ರೈವರಿಗೆ ಸಹಿ ಬೇಕು. ಆ ಸಹಿಯ ಕೀಯನ್ನು ನೀವೇ ಒಪ್ಪಿ ನೋಂದಾಯಿಸಬೇಕು. ಆ ಪರದೆ ಕೆಲವೇ ಸೆಕೆಂಡು ನಿಲ್ಲುತ್ತದೆ. ಏನೋ ಬಂತೆಂದು ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಇಲ್ಲದಂತೆ.

ನನಗೆ ನಿಜಕ್ಕೂ ಬೇಸರ ತರುವುದು ನಿದ್ದೆಯ ವಿಷಯ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ ಹೊಸ ಲ್ಯಾಪ್‌ಟಾಪ್ ಬಿಸಿಯಾಗಿ, ಬ್ಯಾಟರಿ ಖಾಲಿಯಾಗಿ ಹೊರಬರುತ್ತದೆ. ಮೊದಲೆಲ್ಲ ಇದ್ದ ಎಸ್3 ಎಂಬ ಗಾಢ ನಿದ್ದೆಯನ್ನು ಈಗಿನ ಎಷ್ಟೋ ಯಂತ್ರಗಳ ಫರ್ಮ್‌ವೇರಿನಿಂದ ತೆಗೆದುಹಾಕಿದ್ದಾರೆ. ಉಳಿದಿರುವುದು ಕಣ್ಣು ಮುಚ್ಚಿಯೂ ಎಚ್ಚರವಾಗಿರುವ ತರಹದ ನಿದ್ದೆ. ‘ಸಿಸ್’ ಫೋಲ್ಡರಿನ ‘ಪವರ್’ ಒಳಗೆ ‘ಮೆಮ್ ಸ್ಲೀಪ್’ ಎಂಬ ಕಡತ ತೆರೆದಾಗ ‘ಡೀಪ್’ ಎಂಬ ಪದ ಕಂಡರೆ ಅದನ್ನು ಆರಿಸಿಕೊಳ್ಳಿ. ಕಾಣದಿದ್ದರೆ ಹೈಬರ್ನೇಟ್ ಮಾಡಿಕೊಳ್ಳುವುದೇ ಕ್ಷೇಮ. ಎಸ್.ಪಿ. ರೋಡಿನ ಹಳೇ ಯಂತ್ರಗಳನ್ನು ನಾನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಮೇಡಂ ಲ್ಯಾಪ್‌ಟಾಪಿನಲ್ಲಿ ‘ಡೀಪ್’ ಇತ್ತು. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆರೆದರೆ ಬ್ಯಾಟರಿ ಎರಡು ಪರ್ಸೆಂಟ್ ಕೂಡ ಇಳಿದಿರಲಿಲ್ಲ.

ಒಪ್ಪಿಸುವ ಮುಂಚೆ ಕನ್ನಡ ನೋಡಿದೆ. ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸವನ್ನು ಆರಿಸಿದ್ದೇ ತಡ, ಅವರ ಬೆರಳು ತಾನಾಗಿ ಓಡಿತು. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಹಳೇ ಪ್ರಶ್ನೆಪತ್ರಿಕೆಗಳು ಮಾತ್ರ ಯುನಿಕೋಡಿಗಿಂತ ಹಿಂದಿನ ನುಡಿಯಲ್ಲಿದ್ದವು. ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಅವರ ಪೆನ್‌ಡ್ರೈವಿನಲ್ಲಿದ್ದ ನುಡಿ ಫಾಂಟುಗಳನ್ನು ಫಾಂಟ್ ಫೋಲ್ಡರಿಗೆ ಹಾಕಿದ ಮೇಲೆ ಎಂಟನೇ ತರಗತಿಯ ಸಮಾಜ ವಿಜ್ಞಾನ ಅಚ್ಚುಕಟ್ಟಾಗಿ ಕಾಣಿಸಿತು. ಕ್ರಮೇಣ ಎಲ್ಲವನ್ನೂ ಯುನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಿ ಎಂದು ಹೇಳಿದೆ.

ಎರಡು ತಿಂಗಳ ಮೇಲೆ ಯಾರಾದರೂ ಲಿನಕ್ಸನ್ನು ಅಳಿಸಿ ಮತ್ತೆ ಹಾಕಿದರೆ ವೈಫೈ ಸರಿಮಾಡಿದ ಆ ಸಾಲು ಉಳಿಯುತ್ತದೆಯೇ ಎಂದು ಮೇಡಂ ಕೇಳಿದರು. ಉಳಿಯುವುದಿಲ್ಲ ಎಂದೆ. ಹಾಗಾದರೆ ಹೇಳಿ ಎಂದು ಹಾಜರಿ ಪುಸ್ತಕದ ರಟ್ಟಿನಿಂದ ಒಂದು ತುಂಡು ಹರಿದುಕೊಂಡರು. ಚಿಪ್ಪಿನ ಸಂಖ್ಯೆ, ಡ್ರೈವರಿನ ಹೆಸರು, ಆಂಟ್ ಸೆಲ್ 2. ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು, ನಾನು ಮುಚ್ಚಳಕ್ಕೆ ತಿರುಪು ಹಾಕುವ ಮೊದಲು ಅದನ್ನು ಒಳಬದಿಗೆ ಟೇಪಿನಿಂದ ಅಂಟಿಸಿ ಎಂದರು.