ನನ್ನ ಓಟು ಪಿ.ಬಿ.ಎಸ್‌ಗೆ

ಈ ಅಂಕಣದಲ್ಲಿ ಇಷ್ಟು ದಿನ ಜಾಣತನದಿಂದ ತಪ್ಪಿಸಿಕೊಂಡು ಬಂದ ಪ್ರಶ್ನೆಯೊಂದಿದೆ. ತೆರೆಯ ಮೇಲೆ ಹಾಡುವ ರಾಜ್‌ಕುಮಾರ್‌ಗೆ ಅವರದೇ ದನಿ ಚೆನ್ನೋ, ಪಿ.ಬಿ. ಶ್ರೀನಿವಾಸರ ದನಿ ಚೆನ್ನೋ? ಇವತ್ತು ಹೇಳಿಯೇ ಬಿಡುತ್ತೇನೆ. ನನ್ನ ಓಟು ಪಿ.ಬಿ.ಎಸ್‌ಗೆ. ಹಾಗಂತ ಅಣ್ಣಾವ್ರನ್ನು ಹಾಡುಗಾರರಾಗಿ ಕಡೆಗಣಿಸಿದೆ ಎಂದು ಪತ್ರ ಬರೆಯಲು ಕೂರುವ ಮೊದಲು ದಯವಿಟ್ಟು ಪೂರ್ತಿ ಓದಿ. ಅವರಿಗೆ ಸಲ್ಲಬೇಕಾದದ್ದನ್ನು ಕೊಡುವುದರಲ್ಲಿ ನಾನೇನೂ ಜಿಪುಣತನ ಮಾಡಿಲ್ಲ.

ಹೊಸಬರಿಗಾಗಿ ಹಿನ್ನೆಲೆ ಚುಟುಕಾಗಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ದನಿ ಕೊಟ್ಟವರು ತಮಿಳಿನ ಸಿ.ಎಸ್. ಜಯರಾಮನ್. ಆಮೇಲೆ ಒಂದಷ್ಟು ವರ್ಷ ಅವರಿವರು ಹಾಡಿದರು. 1960ರ ‘ಭಕ್ತ ಕನಕದಾಸ’ದ ಹೊತ್ತಿಗೆ ಕಾಕಿನಾಡದ ಶ್ರೀನಿವಾಸ್ ಬಂದು ಗಟ್ಟಿಯಾಗಿ ಕೂತರು. ‘ಸತ್ಯ ಹರಿಶ್ಚಂದ್ರ’ದಂಥ ಚಿತ್ರಕ್ಕೆ ಘಂಟಸಾಲ ಬಂದುಹೋದರೂ ಆ ಜಾಗ ಶ್ರೀನಿವಾಸರದೇ ಆಗಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು, ಅಣ್ಣಾವ್ರು ಎಮ್ಮೆ ಏರಿ ತಾವೇ ಹಾಡಿದರು, ನಾಡೇ ಕುಣಿಯಿತು. ಅಲ್ಲಿಂದಾಚೆ ಶ್ರೀನಿವಾಸರಿಗೆ ಕರೆ ಕಡಿಮೆಯಾಗುತ್ತ ಹೋಯಿತು.

ಪಕ್ಕದ ಭಾಷೆಗಳ ಕಡೆ ಒಮ್ಮೆ ನೋಡಿ. ತಮಿಳಿನಲ್ಲಿ ಶಿವಾಜಿಗೂ ಎಂ.ಜಿ.ಆರ್.ಗೂ ಟಿ.ಎಂ. ಸೌಂದರರಾಜನ್. ತೆಲುಗಿನಲ್ಲಿ ಎನ್.ಟಿ.ಆರ್., ಎ.ಎನ್.ಆರ್. ಇಬ್ಬರಿಗೂ ಘಂಟಸಾಲ. ಎರಡೂ ಎದೆಯಿಂದ ಎದ್ದು ಬರುವ, ಗೋಪುರದ ಗಂಟೆಯಂಥ ದನಿಗಳು. ಅದೇ ಮದರಾಸಿನಲ್ಲಿ, ಅದೇ ಸ್ಟುಡಿಯೋಗಳಲ್ಲಿ ಶ್ರೀನಿವಾಸರನ್ನು ಕರೆಯುತ್ತಿದ್ದದ್ದು ಹೆಚ್ಚಾಗಿ ಜೆಮಿನಿ ಗಣೇಶನ್‌ಗೆ. ಹೊಡೆದಾಟಕ್ಕಿಂತ ಪ್ರೇಮಕ್ಕೆ ಹೆಸರಾದ ನಾಯಕ, ಹಾಗಾಗಿ ಮೆತ್ತಗಿನ ದನಿ ಸಾಕು ಎಂಬ ಲೆಕ್ಕ. ಕನ್ನಡದಲ್ಲಿ ಮಾತ್ರ ಆ ಮೆತ್ತಗಿನ ದನಿ ಸೀದಾ ಮೊದಲನೇ ಸಾಲಿನ ನಾಯಕನಿಗೇ ಸಿಕ್ಕಿತು. ಕತ್ತಿ ಹಿಡಿದವನೂ ಅವನೇ, ನೇಗಿಲು ಹಿಡಿದವನೂ ಅವನೇ, ಹಾಡುವಾಗ ಮಾತ್ರ ಯಾರನ್ನೂ ಹೆದರಿಸುವುದಿಲ್ಲ. ರಾಜ್‌ಕುಮಾರ್ ನಮಗೆಲ್ಲ ಮನೆಯ ಹಿರಿಯಣ್ಣನಾಗಿ ಕಂಡದ್ದರಲ್ಲಿ ಕಾದಂಬರಿಕಾರರ ಪಾಲಿದೆ, ಚಿತ್ರಸಾಹಿತಿ ಚಿ. ಉದಯಶಂಕರರ ಪಾಲಿದೆ, ಒಪ್ಪೋಣ. ಆದರೆ ಶ್ರೀನಿವಾಸರ ಗಂಟಲಿನ ಪಾಲನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

‘ಬಂಗಾರದ ಮನುಷ್ಯ’ದ ಕಲ್ಲು ಒಡೆಯುವ ಹಾಡನ್ನೇ ತೆಗೆದುಕೊಳ್ಳಿ. 1972ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ. ಬಂಡೆ ತುಂಬಿದ ಬೀಳು ಜಮೀನು, ಸುತ್ತಿಗೆ, ಹಾರೆ, ಬೆವರು. ಛಲದ ಹಾಡು. ಬೇರೆ ಯಾರ ಕೈಗೆ ಕೊಟ್ಟಿದ್ದರೂ ಪಲ್ಲವಿಯಲ್ಲೇ ಮುಷ್ಟಿ ಎತ್ತಿ ಹಾಡಿಬಿಡುತ್ತಿದ್ದರು. ಶ್ರೀನಿವಾಸ್ ದನಿ ಎತ್ತುವುದೇ ಇಲ್ಲ. ಒತ್ತಕ್ಷರ ಬಂದ ಕಡೆ ಅದರ ಮೇಲೆ ಕೊಂಚ ಭಾರ ಹಾಕುತ್ತಾರೆ, ಅಷ್ಟೇ. ಮುಂದಿನ ಕ್ಷಣ ಮತ್ತೆ ಮಾತಿನ ಮಟ್ಟಕ್ಕೆ ಇಳಿದಿರುತ್ತಾರೆ. ಊರನ್ನು ಸೇರಿಸಿ ಭಾಷಣ ಬಿಗಿಯುವ ರಾಜೀವ ಅಲ್ಲ ಇವನು. ಪಕ್ಕದಲ್ಲಿ ಕಲ್ಲು ಹೊರುತ್ತಿರುವವನಿಗೆ, ಆಗುತ್ತೆ ಕಣಯ್ಯ, ಎಂದು ಹೇಳುತ್ತಿರುವ ರಾಜೀವ. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಊರಿಗೆ ವಾಪಸಾದವರ ಕಥೆಗಳು ಇವತ್ತಿಗೂ ಓಡಾಡುತ್ತವೆ. ಅಬ್ಬರಿಸಿ ಕರೆದಿದ್ದರೆ ಅವರು ಹೋಗುತ್ತಿದ್ದರೇ? ನನಗೆ ಅನುಮಾನ.

‘ಎರಡು ಕನಸು’ ಇನ್ನೂ ಮೇಲು. ವಾಣಿಯವರ ಕಾದಂಬರಿ, ದೊರೈ-ಭಗವಾನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ಮನಸ್ಸು ಕೊಟ್ಟದ್ದು ಒಂದು ಕಡೆ, ತಾಳಿ ಕಟ್ಟಿದ್ದು ಇನ್ನೊಂದು ಕಡೆ. ಆ ಗಂಡನಿಗೆ ಒಂದು ಒಂಟಿ ಹಾಡಿದೆ. ಹೆಂಡತಿ ಕೆಟ್ಟವಳಲ್ಲ, ತಾನೂ ಕೆಟ್ಟವನಲ್ಲ, ಕೊಡಲು ಒಳಗೇನೂ ಉಳಿದಿಲ್ಲ ಎಂಬ ಸ್ಥಿತಿ. ಅಲ್ಲಿ ಶ್ರೀನಿವಾಸ್ ಅಳುವುದಿಲ್ಲ. ಸಾಲಿನ ಕೊನೆಯ ಅಕ್ಷರವನ್ನು ಎಳೆಯಬಹುದಿತ್ತು, ಎಳೆಯುವುದಿಲ್ಲ. ಕೈಯಲ್ಲಿದ್ದ ಸಾಮಾನು ನೆಲದ ಮೇಲಿಟ್ಟ ಹಾಗೆ ಇಟ್ಟು ಮುಂದೆ ಹೋಗುತ್ತಾರೆ. ಈಚೆಗೆ ವೇದಿಕೆಯಲ್ಲಿ ಆ ಹಾಡು ಹೇಳುವ ಹುಡುಗರು ಇದೇ ಅಕ್ಷರದ ಮೇಲೆ ನಾಲ್ಕು ಗಮಕ, ಒಂದು ಬಿರ್ಕಾ ಸೇರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಚಪ್ಪಾಳೆ ಬಂದ ಕ್ಷಣಕ್ಕೆ ಗಂಡ ಹೋಗಿ ಗಾಯಕ ಬಂದು ನಿಂತಿರುತ್ತಾನೆ.

ಅದೇ ಚಿತ್ರದಲ್ಲಿ ವಾಣಿ ಜಯರಾಂ ಜೊತೆಗಿನ ಯುಗಳಗೀತೆಯಿದೆ. ವಾಣಿಯವರ ದನಿ ಮೇಲೆಲ್ಲೋ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ, ಶ್ರೀನಿವಾಸ್ ಕೆಳಗೇ ಉಳಿಯುತ್ತಾರೆ. ಪೈಪೋಟಿ ಇಲ್ಲ. ಯುಗಳಗೀತೆಯಲ್ಲಿ ಗಂಡು ದನಿ ತಗ್ಗಿ ನಡೆಯುವುದು ನಮ್ಮಲ್ಲಿ ಅಪರೂಪ, ಗಮನಿಸಿದ್ದೀರಾ?

ನಮ್ಮ ಭಾವ ಇದೊಂದನ್ನೂ ಒಪ್ಪುವವರಲ್ಲ. ಚಾಮರಾಜನಗರದ ಕಡೆಯವರು, ಗಾಜನೂರು ತಮ್ಮ ಹಿತ್ತಲಲ್ಲೇ ಇದೆ ಅನ್ನೋ ಹಾಗೆ ಮಾತಾಡುತ್ತಾರೆ.

“ನಿನ್ನ ಶ್ರೀನಿವಾಸ್ ಎಮ್ಮೆ ಮೇಲೆ ಕೂತ್ಕೊಂಡು ಹಾಡ್ಲಿ ನೋಡೋಣ” ಅಂದರು ಒಮ್ಮೆ.

“ಅಲ್ಲ ಭಾವ, ಅವತ್ತು ಅವರು ಹುಷಾರಾಗಿದ್ದಿದ್ರೆ ಅವರೇ ಹಾಡ್ತಿದ್ರಲ್ಲ.”

“ಹಾಡಿದ್ರೆ ಎಮ್ಮೆ ನಿದ್ದೆ ಹೋಗೋದು!”

ನಕ್ಕೆ. ಆದರೆ ಮಾತು ನಿಜ. ಎಮ್ಮೆ ಹಾಡಿನ ಅಣ್ಣಾವ್ರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಸಾಧ್ಯವಿಲ್ಲ. ‘ಸಂಪತ್ತಿಗೆ ಸವಾಲ್’ ಮೂಲದಲ್ಲಿ ಪಿ.ಬಿ. ಧುತ್ತರಗಿಯವರ ನಾಟಕ. ಅದರ ನಾಯಕ ಒರಟ, ತಮಾಷೆಗಾರ, ಬಾಯಿ ತುಂಬ ಮಾತಾಡುವವನು. ರಾಜ್‌ಕುಮಾರ್ ಬಂದದ್ದೂ ಅದೇ ಲೋಕದಿಂದ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು, ಮಗ ಬೆಳೆದದ್ದು ಗುಬ್ಬಿ ಕಂಪನಿಯ ನೆರಳಿನಲ್ಲಿ. ಕಂಪನಿ ನಾಟಕದಲ್ಲಿ ಪಾತ್ರ ಮಾಡುವವನ ಹಾಡು ನೆಲದ ಮೇಲೆ ಕೂತ ಕೊನೆಯ ಸಾಲಿನವನಿಗೂ ಮುಟ್ಟಬೇಕು. ಅಲ್ಲಿ ಕಲಿತ ದನಿ ಬಾಯಿಯಿಂದ ಹೊರಟಾಗಲೇ ದೂರಕ್ಕೆ ಗುರಿಯಿಟ್ಟಿರುತ್ತದೆ. ಶ್ರೀನಿವಾಸ್ ಹಾಗಲ್ಲ, ಪೂರ್ತಿ ಮೈಕಿನ ಮಗ. ಮೈಕು ತನ್ನಿಂದ ಗೇಣು ದೂರದಲ್ಲಿದೆ ಎಂಬುದನ್ನು ಒಂದು ಹಾಡಿನಲ್ಲೂ ಮರೆತವರಲ್ಲ. ಅವರು ಹಾಡುವುದು ಒಬ್ಬನ ಕಿವಿಗೆ, ಅಣ್ಣಾವ್ರು ಹಾಡುವುದು ಸಭೆಗೆ.

ಇದನ್ನು ಹೀಗೆ ಇಟ್ಟುಕೊಂಡರೆ ಪಾಲುಪಟ್ಟಿ ಮಾಡುವುದು ಸುಲಭ. ಪುರಾಣ, ಭಕ್ತಿಯ ಉದ್ವೇಗ, ಜನಪದದ ಗತ್ತು, ದೊಡ್ಡ ರಾಗ ಹರಡಿಕೊಂಡು ಕೂರುವ ಸಂದರ್ಭ: ಇವೆಲ್ಲ ಅಣ್ಣಾವ್ರಿಗೆ. ‘ಜೀವನ ಚೈತ್ರ’ದ ತೋಡಿಗೆ 1992ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದದ್ದು ನಟನೆಂಬ ರಿಯಾಯಿತಿಯಿಂದಲ್ಲ. ಅರವತ್ತು ದಾಟಿದ ಗಂಟಲಿನಲ್ಲಿ ಆ ಗಾಂಧಾರ ಅಷ್ಟು ಜಾಗರೂಕವಾಗಿ ಕೂತದ್ದಕ್ಕೆ ಬಂತು. ಅದರ ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಒರಿಸ್ಸಾದಿಂದ ಬಂದವರು, ಕನ್ನಡದ ರಂಗಸಂಗೀತದ ಈ ಕಸುವನ್ನು ನಮ್ಮವರಿಗಿಂತ ಚೆನ್ನಾಗಿ ಗುರುತಿಸಿದ್ದರು. ‘ಬಭ್ರುವಾಹನ’ವಂತೂ ಭಾವನವರ ಬ್ರಹ್ಮಾಸ್ತ್ರ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಎದುರುಬದುರು ನಿಂತು ಮೂದಲಿಸಿಕೊಳ್ಳುವ ಹಾಡಿನಲ್ಲಿ ಒಂದು ದನಿ ಅವರದೇ, ಇನ್ನೊಂದು ಶ್ರೀನಿವಾಸರದು. ಟಿ.ಜಿ. ಲಿಂಗಪ್ಪ ಅದನ್ನು ನಾಟಕದ ಪದ್ಯದ ಧಾಟಿಯಲ್ಲೇ ಕಟ್ಟಿದ್ದಾರೆ. ಅಲ್ಲಿ ಶ್ರೀನಿವಾಸ್ ಸೋಲುವುದಿಲ್ಲ, ಆದರೆ ಸಭೆಗೆ ಹಾಡಲು ಹೋಗಿ ತಮ್ಮತನದಿಂದ ಆಚೆ ಬಂದಿದ್ದಾರೆ. ಅಣ್ಣಾವ್ರು ತಮ್ಮ ಮನೆಯಂಗಳದಲ್ಲೇ ಇದ್ದಾರೆ. ವ್ಯತ್ಯಾಸ ಕಿವಿಗೆ ಹೊಡೆಯುತ್ತದೆ.

ಹಾಗಾದರೆ ಉಳಿದದ್ದೇನು? ಸಾಮಾಜಿಕ ಚಿತ್ರಗಳು. ಪ್ರೇಮ, ತ್ಯಾಗ, ಹೇಳಿಕೊಳ್ಳಲಾಗದ ಸಂಕಟ, ತನಗೆ ತಾನೇ ಆಡಿಕೊಳ್ಳುವ ಮಾತು. ಅಲ್ಲಿ ಅಣ್ಣಾವ್ರ ದನಿ ನನಗೆ ಒಂದು ತೂಕ ಹೆಚ್ಚೇ ಎನಿಸುತ್ತದೆ. ಪಕ್ಕದಲ್ಲಿ ಕೂತ ಹೆಣ್ಣಿಗೆ ಹೇಳಬೇಕಾದದ್ದನ್ನು ಬಾಲ್ಕನಿಗೂ ಕೇಳಿಸಿದಂತೆ. ‘ಹೊಸ ಬೆಳಕು’ ಚಿತ್ರದ ದುಃಖದ ಹಾಡೊಂದರಲ್ಲಿ ಸಂಗೀತ ನಿರ್ದೇಶಕ ಎಂ. ರಂಗರಾವ್ ಅಣ್ಣಾವ್ರ ದನಿಯನ್ನು ಸಾಕಷ್ಟು ತಗ್ಗಿಸಿದ್ದಾರೆ. ಅದನ್ನು ಕೇಳುವಾಗ ನನ್ನ ನಿಲುವು ಅಲ್ಲಾಡುತ್ತದೆ. ಶ್ರೀನಿವಾಸ್ ಹಾಡಿದ ‘ಕಸ್ತೂರಿ ನಿವಾಸ’ದ ಗೊಂಬೆ ಹಾಡು ಬಂದರೆ ಮತ್ತೆ ಗಟ್ಟಿಯಾಗುತ್ತದೆ.

ಈ ಜೋಡಿಯ ಗುಟ್ಟು ಮಾತ್ರ ಪೂರ್ತಿ ಶ್ರೀನಿವಾಸರದಲ್ಲ. ರಾಜ್‌ಕುಮಾರ್ ಸ್ವತಃ ಹಾಡುಗಾರರಾದ್ದರಿಂದ ಇನ್ನೊಬ್ಬರ ಹಾಡಿಗೆ ತುಟಿ ಕೊಡುವುದು ಅವರಿಗೆ ಬರೀ ಬಾಯಿ ಆಡಿಸುವ ಕೆಲಸವಾಗಿರಲಿಲ್ಲ. ಶ್ರೀನಿವಾಸ್ ಎಲ್ಲಿ ಉಸಿರು ತೆಗೆದುಕೊಂಡಿದ್ದಾರೋ ಅಲ್ಲಿ ಇವರ ಎದೆ ಏರುತ್ತದೆ. ತಾರಕ್ಕೆ ಹೋಗುವ ಮೊದಲು ಕತ್ತಿನ ನರ ಬಿಗಿಯುತ್ತದೆ. 1961ರ ‘ಕಣ್ತೆರೆದು ನೋಡು’ ಚಿತ್ರವನ್ನು ಈ ಒಂದು ಕಾರಣಕ್ಕೆ ನೋಡಿ. ಅದರಲ್ಲಿ ಅವರು ಕುರುಡ ಗಾಯಕ. ನಟನ ಮುಖ್ಯ ಆಯುಧವಾದ ಕಣ್ಣೇ ಕೆಲಸಕ್ಕೆ ಬಾರದು. ಎಲ್ಲವನ್ನೂ ತುಟಿ, ಗಲ್ಲ, ಗಂಟಲಿನಲ್ಲೇ ಮಾಡಬೇಕು, ಮಾಡಿದ್ದಾರೆ. ದನಿ ಬೇರೆಯವರದೆಂದು ಆ ಕಾಲದ ಟೆಂಟ್ ಸಿನಿಮಾದ ಎಷ್ಟೋ ಜನಕ್ಕೆ ಹೊಳೆದೇ ಇರಲಿಲ್ಲ ಎಂದರೆ ಆಶ್ಚರ್ಯವಿಲ್ಲ.

ಪಿ.ಬಿ.ಎಸ್. ಹಾಡಿದ್ದೆಲ್ಲ ಚಿನ್ನ ಎಂದೂ ನಾನು ಹೇಳುವುದಿಲ್ಲ. ತುಂಟ ಹಾಡುಗಳಲ್ಲಿ ಅವರು ಸ್ವಲ್ಪ ಮೇಷ್ಟರಂತೆ ಕೇಳಿಸುತ್ತಾರೆ. ಸಿಟ್ಟು ಅವರ ಕೈಲಾಗದು. ಸಂಗೀತ ನಿರ್ದೇಶಕ ವಿಜಯಭಾಸ್ಕರ್‌ಗೆ ಇದು ಗೊತ್ತಿತ್ತು. ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಯ ರೋಷದ ಹಾಡನ್ನು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಕೊಟ್ಟು, ಚಿತ್ರದುರ್ಗದ ಕೋಟೆಯಲ್ಲಿ ಸ್ಲೋ ಮೋಷನ್‌ನಲ್ಲಿ ಓಡಿಬರುವ ಪ್ರೇಮದ ಹಾಡನ್ನು ಶ್ರೀನಿವಾಸರಿಗೆ ಕೊಟ್ಟರು. ಒಬ್ಬನೇ ಹುಡುಗನಿಗೆ ಎರಡು ಗಂಟಲು, ಲೆಕ್ಕದ ಪ್ರಕಾರ ತಪ್ಪು. ಚಿತ್ರ ನೋಡುವಾಗ ಯಾರಿಗೂ ತಪ್ಪೆನಿಸಲಿಲ್ಲ. ಎಸ್ಪಿಬಿ ನಟನನ್ನು ನೋಡಿಕೊಂಡು ದನಿ ಬದಲಿಸುತ್ತಿದ್ದರು, ಅದು ಅವರ ದೊಡ್ಡಸ್ತಿಕೆ. ಶ್ರೀನಿವಾಸ್ ಬದಲಿಸುತ್ತಲೇ ಇರಲಿಲ್ಲ. ನಟನೇ ಬಂದು ಆ ದನಿಗೆ ಹೊಂದಿಕೊಳ್ಳಬೇಕು.

ಕರೆ ಕಡಿಮೆಯಾದ ಮೇಲೆ ಅವರು ಗೊಣಗುತ್ತ ಕೂತವರಲ್ಲ. ಮದರಾಸಿನ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಹೋಟೆಲಿಗೆ ಹೋದ ಕನ್ನಡಿಗರು ಅವರನ್ನು ನೋಡಿದ್ದಾರೆ: ತಲೆಗೆ ಪೇಟ, ಹೆಗಲಿಗೆ ಶಾಲು, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು, ಮುಂದೆ ಕಾಫಿ ಲೋಟ, ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತ ಕೂತ ಮನುಷ್ಯ. 2008ರಲ್ಲಿ ಹೋಟೆಲು ಮುಚ್ಚಿತು, 2013ರ ಏಪ್ರಿಲ್‌ನಲ್ಲಿ ಅವರೂ ಹೋದರು. ಈಗ ರೇಡಿಯೋದಲ್ಲಿ, ಆರ್ಕೆಸ್ಟ್ರಾಗಳಲ್ಲಿ ನಿರೂಪಕರು ‘ಮುಂದಿನದು ಅಣ್ಣಾವ್ರ ಹಾಡು’ ಎಂದು ಹೇಳಿ ಶ್ರೀನಿವಾಸರದನ್ನು ಹಚ್ಚುತ್ತಾರೆ. ಹೆಸರು ಹೇಳಲು ಎಷ್ಟು ಹೊತ್ತು ಬೇಕು ಸ್ವಾಮಿ?

ಇನ್ನು ಹೆಣ್ಣು ದನಿಗಳ ವಿಚಾರ. ಅಲ್ಲಿ ಜಗಳ ಇನ್ನೂ ಜೋರು. ನಾನು ಎಸ್. ಜಾನಕಿಯವರ ಪಕ್ಷ, ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಗೆ ಸಮಸಮ ನಿಂತದ್ದೊಂದೇ ಸಾಕು. ಭಾವ ಪಿ. ಸುಶೀಲಾ ಎನ್ನುತ್ತಾರೆ. ಅಕ್ಕ ಒಳಗಿಂದಲೇ “ವಾಣಿ ಜಯರಾಂ” ಅಂತ ಕೂಗಿ ಹೇಳುತ್ತಾಳೆ, ಕಾರಣ ಕೇಳಿದರೆ ಕೊಡುವುದಿಲ್ಲ.